ಅಪ್ಪ ಹೊದಿಸಿದ ನಾರುವ ಮಾಡು

ನಾನು ಚಿಕ್ಕವನಿದ್ದಾಗ ನಮ್ಮ ಮನೆ ನಾರುತ್ತಿತ್ತು. ಈಗ ಅದೇ ಮನೆಯನ್ನು ಹಳೆಯ ಕಾಲದ ನೆನಪೆಂದು ಕಾಪಿಟ್ಟು, ಸುತ್ತ ಬೇಲಿ ಹಾಕಿ, ದೀಪ ಇಟ್ಟು, ಮುಟ್ಟಬಾರದೆಂದು ಬೋರ್ಡು ತೂಗುಹಾಕಿದ್ದಾರೆ. ಕಳೆದ ಶುಕ್ರವಾರ ಮೊಮ್ಮಕ್ಕಳು ನೀವಿಬ್ಬರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಾಗ ಈ ಅಜ್ಜನ ಮೋರೆ ಯಾಕೆ ಹಾಗೆ ಗಂಟಿಕ್ಕಿತ್ತು ಎಂದು ಕೇಳಿದಿರಿ. ಹೇಳುತ್ತೇನೆ, ಮೂಗು ಮುಚ್ಚಿಕೊಂಡು ಕೇಳಿ.

ಅಪ್ಪ ಈ ಅರಬರ ನಾಡಿನಲ್ಲೇ, ಶುವೈಖ್ ಕಡೆಯ ಸಮುದ್ರದ ದಡದಲ್ಲಿ ಮರದ ದೋಣಿಗಳನ್ನು ರಿಪೇರಿ ಮಾಡುವ ಬಡಗಿಯಾಗಿದ್ದರು. ಮೂರು ವರ್ಷ ಒಬ್ಬರೇ ಇದ್ದು, ಆಮೇಲೆ ಅಮ್ಮನನ್ನೂ ಅಕ್ಕನನ್ನೂ ನನ್ನನ್ನೂ ಊರಿಂದ ಹಡಗಿನಲ್ಲಿ ಕರೆಸಿಕೊಂಡರು. ದೋಣಿಗಳ ಧಣಿಯನ್ನು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ಅವನು ನಮಗೆ ತನ್ನ ಅಜ್ಜನ ಕಾಲದ ಗುಡಿಸಲೊಂದನ್ನು ಬಿಟ್ಟುಕೊಟ್ಟ. ಆಫ್ರಿಕಾದಿಂದ ದೋಣಿಯಲ್ಲಿ ತಂದ ಕಂಬಗಳು. ಗೋಡೆಯೂ ಮೇಲಿನ ಮಾಡೂ ಖರ್ಜೂರದ ಗರಿಯವು. ಒಂದು ಮೊಳೆ ಹೊಡೆದಿರಲಿಲ್ಲ, ಎಲ್ಲವೂ ನಾರಿನ ಹಗ್ಗದ ಕಟ್ಟು. ಗರಿಯ ಎಲೆಗಳನ್ನು ಸವರಿ ತೆಗೆದು ದಿಂಡನ್ನಷ್ಟೇ ಸಾಲಾಗಿ ಬಿಗಿದಿದ್ದರಿಂದ ಎಲ್ಲೆಲ್ಲೂ ಬೆರಳು ತೂರುವಷ್ಟು ಸಂದು.

ಅಪ್ಪನಿಗೆ ಅದನ್ನು ಕಂಡೇ ಹೇಸಿಗೆಯಾಯಿತು. "ಇದು ಮನೆಯಾ, ಕೋಳಿಗೂಡಾ?" ಎಂದರು. ಬೇಸಿಗೆ ಹತ್ತಿರ ಬಂದಿತ್ತು. "ನಾನು ಸರಿ ಮಾಡ್ತೇನೆ. ಮಕ್ಕಳಿಗೆ ಇರ್ಲಿಕ್ಕೆ ಆಗದಿದ್ರೆ ನೀವು ಮೂವರೂ ಮುಂದಿನ ಹಡಗಿಗೆ ವಾಪಸ್" ಎಂದು ಅಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು. ಮೂರು ವರ್ಷದ ಮೇಲೆ ಸಿಕ್ಕಿದ ಅಪ್ಪ. ಮತ್ತೆ ಬಿಟ್ಟು ಹೋಗುವುದೆಂದರೆ ನನಗೆ ಜೀವವೇ ಹೋದ ಹಾಗಾಯಿತು.

ನಮ್ಮ ಮಂಗಳೂರು ಕಡೆ ತೆಂಗಿನ ಮಡಲನ್ನು ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಹೆಣೆದು, ಒಂದು ಹನಿ ಮಳೆಯೂ ಒಳಗೆ ಬೀಳದಂತೆ ಒತ್ತೊತ್ತಾಗಿ ಹೊದಿಸುತ್ತಾರೆ. ಅಪ್ಪನ ಕೈಗೆ ಗೊತ್ತಿದ್ದದ್ದು ಅದೊಂದೇ. ಎಲೆ ಸವರದ ಖರ್ಜೂರದ ಗರಿಗಳನ್ನು ರಾಶಿ ರಾಶಿ ತಂದು ದಡದ ಹೊಂಡದಲ್ಲಿ ಮುಳುಗಿಸಿಟ್ಟರು. ದಿನಾ ಮೀನು ಕೊಯ್ಯುವವರು ಕರುಳು, ತಲೆ ಎಲ್ಲ ಎಸೆಯುತ್ತಿದ್ದದ್ದು ಅದೇ ಹೊಂಡಕ್ಕೆ.

ಎಂಟು ದಿನ ಬಿಟ್ಟು ಅವನ್ನು ಹೊರಗೆಳೆದರು. ಗರಿಗಳ ಮೇಲೆ ಕಪ್ಪು ಲೋಳೆ, ಲೋಳೆಯೊಳಗೆ ಮಿಜಿಮಿಜಿ ಹುಳ. ನಾನೂ ಅಕ್ಕನೂ ಅವನ್ನು ತಲೆಯ ಮೇಲೆ ಹೊತ್ತೆವು. ಮುಳ್ಳು ಚುಚ್ಚುತ್ತಿತ್ತು, ಕೊಳಕು ನೀರು ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಅಕ್ಕನ ಜಡೆಗೆ ಮೀನಿನ ಕಣ್ಣೊಂದು ಅಂಟಿಕೊಂಡಿತ್ತು. ಥೂ!

ಮಧ್ಯಾಹ್ನದ ಹೊತ್ತಿಗೆ ಅಪ್ಪ ಹಳೆಯ ದಿಂಡುಗಳನ್ನು ಬಿಚ್ಚಿಟ್ಟು, ಹೆಣೆದ ಗರಿಗಳಿಂದ ಮಾಡನ್ನೂ ಗೋಡೆಯನ್ನೂ ಒಂದು ಸಂದೂ ಬಿಡದೆ ಮುಚ್ಚಿದರು. ಬಡಗಿಯ ಕೆಲಸ, ನೋಡಲು ಚೊಕ್ಕವಾಗಿತ್ತು. ಒಳಗೆ ಕುಳಿತರೆ ಉಸಿರು ಕಟ್ಟುವ ಧಗೆ, ಕೊಳೆತ ಮೀನಿನ ಗಬ್ಬು, ನೊಣಗಳ ಹಿಂಡು. ಅಮ್ಮ ಗಂಜಿ ಬಡಿಸಿದರು. ಅಕ್ಕ ಎರಡು ತುತ್ತು ತಿಂದು ನನ್ನ ಬಟ್ಟಲಿನ ಪಕ್ಕದಲ್ಲೇ ಕಾರಿಕೊಂಡಳು. "ಒಣಗಿದ ಮೇಲೆ ವಾಸನೆ ಹೋಗ್ತದೆ" ಎಂದರು ಅಪ್ಪ. ಆದರೆ ಅವರೂ ಗಂಜಿ ಮುಟ್ಟಿರಲಿಲ್ಲ.

ಆಗ ಅರ್ಬಾಬ್ ಬಂದ. ತಲೆವಸ್ತ್ರದ ತುದಿಯಿಂದ ಮೂಗು ಮುಚ್ಚಿ ಒಳಗೆ ಇಣುಕಿದ. ಬೊಂಬಾಯಿ ವ್ಯಾಪಾರದಲ್ಲಿ ಕಲಿತ ಹಿಂದಿಯಲ್ಲಿ, "ಅರೇ ಭಾಯಿ, ಇಲ್ಲಿ ಮಳೆ ಎಲ್ಲಿದೆ? ಹವಾ ಬೇಕು, ಹವಾ!" ಎಂದು ಸಮುದ್ರದ ಕಡೆಯ ಗೋಡೆಯಿಂದ ನಾಲ್ಕು ಗರಿ ಕಿತ್ತೆಸೆದ. ತಣ್ಣನೆ ಗಾಳಿ ಒಳಗೆ ನುಗ್ಗಿತು. ಬೆವೆತ ಬೆನ್ನಿಗೆ ಅದು ತಾಗಿದ ಸುಖ ಇನ್ನೂ ನೆನಪಿದೆ. ಅಪ್ಪ ಮಾತ್ರ ತಲೆ ತಗ್ಗಿಸಿ ಮರಳಲ್ಲಿ ಕುಳಿತುಬಿಟ್ಟರು. ಖಲಾಸ್, ಇನ್ನು ಹಡಗೇ ಗತಿ ಎಂದು ನಾನು ಅಳತೊಡಗಿದೆ.

ಅಮ್ಮ ಸೆರಗು ಬಿಗಿದು ಎದ್ದು ಗರಿ ಕೀಳತೊಡಗಿದರು. ಅಕ್ಕ ಸೇರಿಕೊಂಡಳು, ನಾನೂ ಸೇರಿಕೊಂಡೆ. ಸ್ವಲ್ಪ ಹೊತ್ತಿಗೆ ಅಪ್ಪನೂ ಎದ್ದು ಬಂದರು. ಸಂಜೆಯೊಳಗೆ ಎಲ್ಲವನ್ನೂ ಕಿತ್ತು, ಹಳೆಯ ದಿಂಡುಗಳನ್ನೇ ಮತ್ತೆ ಕಟ್ಟಿದೆವು. ಒಲೆಯ ಮೇಲಿನ ಒಂದು ಮೊಳ ಹೆಣಿಗೆಯನ್ನು ಮಾತ್ರ ಅಪ್ಪ ಕೀಳಲು ಬಿಡಲಿಲ್ಲ. "ಇದೊಂದು ಇರ್ಲಿ" ಎಂದರು. ಅಮ್ಮ ನಕ್ಕರು. ಆ ಬೇಸಿಗೆ ನಾವು ಹಡಗು ಹತ್ತಲಿಲ್ಲ.

ಮೊನ್ನೆ ಮನೆ ತೋರಿಸಿದ ಆ ಟೈ ಕಟ್ಟಿದ ಗೈಡ್ ಏನು ಹೇಳಿದ, ನೆನಪಿದೆಯೇ? ಒಲೆಯ ಮೇಲಿನ ಒತ್ತು ಹೆಣಿಗೆ ಧೂಳು ತಡೆಯಲು ಹಿಂದಿನವರು ಕಂಡುಕೊಂಡ ಜಾಣ್ಮೆಯಂತೆ. ಗರಿ ಬದಲಿಸುವಾಗಲೆಲ್ಲ ಅದನ್ನು ಇದ್ದ ಹಾಗೇ ಹೆಣೆದಿಡುತ್ತಾರಂತೆ. ನಮ್ಮಪ್ಪನ ಹಟವನ್ನು ಇವರು ಕಾಪಾಡುತ್ತಿದ್ದಾರೆ! ಮೇಲೆ ಒಳಗೆಲ್ಲ ಸೆಂಟು ಬೇರೆ. "ಅಜ್ಜ, ಸ್ಮೆಲ್ ಎಷ್ಟು ನೈಸ್ ಅಲ್ವಾ!" ಎಂದಿರಿ ನೀವು. ನನ್ನ ಮೋರೆ ಗಂಟಿಕ್ಕಿದ್ದು ಆಗಲೇ.

ನಿಮ್ಮನ್ನು ಬೈದು ಏನು ಪ್ರಯೋಜನ? ನೀವು ಹುಟ್ಟಿದ್ದೇ ಖೈತಾನಿನ ಈ ಫ್ಲ್ಯಾಟಿನಲ್ಲಿ. ಕಿಟಕಿ ತೆರೆಯುವುದಿಲ್ಲ, ಮೀನು ಹುರಿದರೂ ಸ್ಪ್ರೇ ಹೊಡೆಯುತ್ತೀರಿ. ಹೋದ ತಿಂಗಳು ಎಸಿ ಕೆಟ್ಟಾಗ ಅಳುತ್ತ ಮೆಟ್ಟಿಲಿಗೆ ಓಡಿದಿರಿ. ಅಪ್ಪ ಅಂದು ಸಂದು ಬಿಡದೆ ಮುಚ್ಚಿ, ಅರ್ಧ ದಿನ ನಾವಿದ್ದ ಮನೆಯೂ ಹೀಗೇ ಇತ್ತು, ಗಾಳಿಯಿಲ್ಲದೆ.

ಗೈಡ್ ಆಚೆ ತಿರುಗಿದಾಗ ನಾನು ಆ ಹೆಣಿಗೆಗೆ ಬೆರಳು ತೂರಿಸಿ ಒಂದು ಸಂದು ಮಾಡಲು ನೋಡಿದೆ, ಗಾಳಿ ಬರಲಿ ಎಂದು. "ಚಾಚಾ, ಮುಟ್ಟಬೇಡಿ!" ಎಂದು ಕಾವಲಿನವನು ಹಿಂದಿಯಲ್ಲಿ ಕೂಗಿದ. ಕೈ ಹಿಂದೆ ತೆಗೆದೆ. ಮನೆಗೆ ಬಂದು ಮೂಸಿದರೆ ಬೆರಳಿಗೂ ಆ ಸೆಂಟು ಅಂಟಿತ್ತು. ಎರಡು ಸಲ ಸಾಬೂನು ಹಾಕಿ ತೊಳೆದೆ.