ಕುಂಟ ತೆನೆಯ ಸೀರೆ

ಕೌದಿ ಬಿಸಿಲಿಗೆ ಹಾಕಿದಾಗ ಬರುವ ವಾಸನೆ ನಿಮಗೂ ಗೊತ್ತಿರಬೇಕು. ಹಳೆಯ ನೂಲು, ಒಣಗಿದ ಬೇವಿನೆಲೆ, ಟ್ರಂಕಿನ ತುಕ್ಕು ಎಲ್ಲ ಸೇರಿದ ವಾಸನೆ. ಇವತ್ತು ಬೆಳಿಗ್ಗೆ ಜಮಖಂಡಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಕೌದಿ ಹರವುತ್ತಿದ್ದೆ. ಕೌದಿ ನನ್ನದಲ್ಲ, ಅತ್ತೆಯದು. ಬನಹಟ್ಟಿಯಿಂದ ನಾಲ್ಕು ದಿನ ಇರಲು ಬಂದಿದ್ದಾಳೆ. ಹಲ್ಲುಜ್ಜುವ ಪುಡಿ ಮರೆತು ಬಂದಾಳು, ಕೌದಿ ಮರೆಯುವವಳಲ್ಲ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಬಾಳೆಲ್ಲ ಮಗ್ಗದ ಸದ್ದಿನಲ್ಲಿ ಕಳೆದವಳಾದ್ದರಿಂದ ಗುಟ್ಟು ಹೇಳಿದರೂ ಓಣಿಯ ಆ ತುದಿಗೆ ಕೇಳಿಸುತ್ತದೆ. ಆಕೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಸೀರೆ ನೆನಪಿರುತ್ತದೆ. ನನ್ನ ಮದುವೆಗೆ ಬಂದ ಹೆಂಗಸರನ್ನು ಇಂದಿಗೂ "ಆ ಗೋಮಿ ದಡಿಯಾಕಿ", "ಆ ಹಸರ ಸೆರಗಿನಾಕಿ" ಎಂದೇ ಗುರುತಿಸುತ್ತಾಳೆ. ನನ್ನ ಹೆಂಡತಿಯನ್ನು ಮೊದಲ ಸಲ ನೋಡಿದಾಗಲೂ ಆಕೆಯ ಸೆರಗು ತಿರುವಿ, ನೇಯ್ಗೆ ನೋಡಿ, "ಹುಡುಗಿ ಛಲೋ ಅದಾಳ" ಎಂದು ತೀರ್ಪು ಕೊಟ್ಟಿದ್ದಳು.

ಇಂಥ ಅತ್ತೆಗೆ ಒಂದೇ ಒಂದು ಮುಖ ನೋಡುವ ಆಸೆಯಿತ್ತು, ತನ್ನ ತಾಯಿಯದು. ತಾಯಿ ತೀರಿಕೊಂಡಾಗ ಅತ್ತೆಗಿನ್ನೂ ಮಾತು ಬಂದಿರಲಿಲ್ಲ. ಮನೆಯಲ್ಲಿ ಒಂದು ಫೋಟೊ ಕೂಡ ಇಲ್ಲ. ಆರು ವರ್ಷ ದೊಡ್ಡವನಾದ ಅಪ್ಪನನ್ನು ಕೇಳಿದರೆ, "ಥೇಟ್ ನಿನ್ನಂಗ ಇದ್ಲು, ಬಾಯಿ ಮಾತ್ರ ಇಷ್ಟ ಇರಲಿಲ್ಲ" ಎಂದು ಕಾಡಿಸುತ್ತಿದ್ದ. ಅವನೂ ಹೋದ ಮೇಲೆ ಕೇಳಲು ಯಾರೂ ಉಳಿಯಲಿಲ್ಲ. ಉಳಿದದ್ದು ತಾಯಿಯ ಸೆರಗಿನ ಒಂದು ತುಂಡು. ಅದನ್ನು ಅತ್ತೆ ಈ ಕೌದಿಯ ನಟ್ಟನಡುವೆ ಇಟ್ಟು ಹೊಲಿದಿದ್ದಾಳೆ.

ಆ ತುಂಡಿಗೊಂದು ಕತೆಯಿದೆ. ನಮ್ಮಜ್ಜ ರಬಕವಿಯಲ್ಲಿ ಕೈಮಗ್ಗದ ನೇಕಾರ. ಒಂದು ದಿನ ಕೆಂಪು ಸೆರಗಿನ ಮೇಲೆ, ಕೋಟೆಗೋಡೆಯ ತುದಿಯ ಹಲ್ಲುಗಳಂಥ ಬಿಳಿ ತೆನೆಗಳ ಸಾಲು ನೇಯುತ್ತಿದ್ದಾಗ ಹೆಣ್ಣು ಹುಟ್ಟಿದ ಸುದ್ದಿ ಬಂತಂತೆ. ಕೈ ತಪ್ಪಿ ಒಂದು ತೆನೆ ಅರ್ಧಕ್ಕೇ ನಿಂತಿತು. ತಪ್ಪು ಬಿದ್ದ ಸೀರೆಯನ್ನು ವ್ಯಾಪಾರಿ ಮುಟ್ಟುವುದಿಲ್ಲ, ಅಂಥವೆಲ್ಲ ನೇಕಾರನ ಹೆಂಡತಿಯ ಪಾಲು. ಹಾಗಾಗಿ ಅದನ್ನು ಅಜ್ಜಿಯೇ ಉಟ್ಟಳು. ಅತ್ತೆಗೆ ಮಾತ್ರ ಆ ಕುಂಟ ತೆನೆಯೆಂದರೆ ಎಲ್ಲಿಲ್ಲದ ಜಂಬ. "ನಾ ಹುಟ್ಟಿದ ಖುಷಿಗೆ ನಮ್ಮಪ್ಪಗ ಮಗ್ಗಾನ ಮರತ ಹೋತಲೇ!" ಎನ್ನುತ್ತಾಳೆ.

ಮೂರ್ನಾಲ್ಕು ವರ್ಷದ ಹಿಂದೆ, ಜಮಖಂಡಿ ಸಂಸ್ಥಾನದ ಕಾಲದ ಹಳೆಯ ಫೋಟೊಗಳನ್ನು ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿಗೆ ಹಾಕಿದ್ದಾರೆಂದು ತಿಳಿಯಿತು. ಅಲ್ಲಿ ಹೆಸರು ಬರೆದು ಹುಡುಕಬೇಕಿಲ್ಲ. ನಾವೊಂದು ಚಿತ್ರ ಕೊಟ್ಟರೆ ಅದನ್ನು ಹೋಲುವ ಚಿತ್ರಗಳನ್ನು ಅದೇ ಹೆಕ್ಕಿ ತರುತ್ತದೆ. ನನ್ನಂಥ ನಿವೃತ್ತ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಉದ್ಯೋಗ ಬೇಕೆ? ಟ್ಯಾಬ್ ಬಗಲಿಗಿಟ್ಟುಕೊಂಡು ಬನಹಟ್ಟಿ ಬಸ್ಸು ಹತ್ತಿದೆ.

ಮಗಳಂತೆಯೇ ತಾಯಿ ಎಂದು ಅಪ್ಪ ಹೇಳಿದ್ದನಲ್ಲ, ಮೊದಲು ಅತ್ತೆಯ ಮುಖದ ಫೋಟೊವನ್ನೇ ತೆಗೆದು ಅದಕ್ಕೆ ಕೊಟ್ಟೆ. ಬಂದವನು ರುಮಾಲು ಸುತ್ತಿದ ಒಬ್ಬ ಪೈಲವಾನ.

"ಏ ಮಾಸ್ತರಾ, ಇವ ನಮ್ಮವ್ವೇನಲೇ? ಮೀಸಿ ಹೆಂಗ ತಿರುವ್ಯಾನ ನೋಡು!" ಎಂದು ಅತ್ತೆ ನಕ್ಕ ನಗೆಗೆ ಪಕ್ಕದ ಮನೆಯ ಮಗ್ಗ ನಿಂತಿತು. ಆಮೇಲೆ ಕೌದಿ ತಂದು ನನ್ನ ಮುಂದೆ ಒಗೆದಳು. "ಮಾರಿ ಹುಡುಕಬ್ಯಾಡ. ಸೀರಿ ಹುಡುಕು."

ತುಂಡಿನ ಚಿತ್ರ ತೆಗೆದು ಹಾಕಿದೆ. ತೆನೆಗಳ ಸಾಲು ನೋಡಿ ಆ ಯಂತ್ರ ಇದ್ದಬದ್ದ ಕೋಟೆಗೋಡೆಗಳನ್ನೆಲ್ಲ ತಂದು ಸುರುವಿತು. ನಾನು ಕೈಚೆಲ್ಲಿ ಕೂತೆ. ಅತ್ತೆ ಕೂರಲಿಲ್ಲ. "ಅದಕ್ಕ ಸೆರಗ ಅಂದ್ರ ಏನ್ ಗೊತ್ತು ಪಾಪ" ಎನ್ನುತ್ತ, ಚುರುಗುಡುವ ಬೇಸಿಗೆಯಲ್ಲಿ ಆ ದಪ್ಪ ಕೌದಿಯನ್ನೇ ತಲೆಯ ಮೇಲೆ ಹೊದ್ದು, ತುಂಡು ಬೆನ್ನಿಗೆ ಬರುವಂತೆ ತಿರುಗಿ ನಿಂತಳು. "ಈಗ ಹೊಡಿ ಫೋಟೊ."

ಈ ಸಲ ಹೆಂಗಸರು ಬಂದರು. ಸೆರಗು ಹೊದ್ದವರು, ಕೊಡ ಹೊತ್ತವರು, ಸಾಲು ಸಾಲಾಗಿ. ಬೆವರು ಒರೆಸಿಕೊಳ್ಳುತ್ತ ಅತ್ತೆ ಒಬ್ಬೊಬ್ಬರನ್ನೇ ದಾಟಿಸಿದಳು. "ಇದಲ್ಲ. ಇದು ಇಳಕಲ್ಲಿಂದು. ಮುಂದ ಹೋಗು." ಒಂದು ಕಡೆ ಬೆರಳು ನಿಂತಿತು. ಜಮಖಂಡಿಯ ಸಂತೆ. ಗಂಡಸರೆಲ್ಲ ಕ್ಯಾಮೆರಾದತ್ತ ಕಣ್ಣರಳಿಸಿ ನೋಡುತ್ತಿದ್ದಾರೆ. ಮೂಲೆಯಲ್ಲಿ ಒಬ್ಬ ಹೆಂಗಸು ಮಾತ್ರ ಬೆನ್ನು ತಿರುಗಿಸಿಕೊಂಡು ಬದನೆಕಾಯಿ ಆರಿಸುತ್ತಿದ್ದಾಳೆ. ನಾನು ಚಿತ್ರ ಹಿಗ್ಗಿಸಿದೆ. ಬೆನ್ನ ಮೇಲೆ ತೆನೆಗಳ ಸಾಲು. ಐದನೆಯದು ಅರ್ಧ.

"ಕುಂಟ ತೆನಿ" ಎಂದಳು ಅತ್ತೆ. ಆಕೆ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನನಗೆ ಬಹಳ ಸಂಕಟವಾಯಿತು. ಇಷ್ಟೆಲ್ಲ ಹುಡುಕಿ ಸಿಕ್ಕಿದ್ದು ಬೆನ್ನು. "ಅತ್ತಿ, ಮಾರಿ ಕಾಣವಲ್ದಲ್ಲ" ಎಂದೆ.

ಆಕೆ ಕೇಳಿಸಿಕೊಳ್ಳಲೇ ಇಲ್ಲ. ಬೆರಳು ಹೆಂಗಸಿನ ಹೆಗಲ ಕಡೆಗೆ ಹೋಯಿತು. ಅಲ್ಲೊಂದು ಕೂಸು ಹೆಗಲ ಮೇಲಿಂದ ನೇರ ನಮ್ಮನ್ನೇ ನೋಡುತ್ತಿತ್ತು. "ಇದು ಯಾರಂತಿ?" ಎಂದಳು. ಮಗಳು ಹುಟ್ಟಿದ ದಿನ ಮಗ್ಗದಲ್ಲಿದ್ದ ಸೀರೆ. ಆ ಮಗಳಿಗೆ ಮಾತು ಬರುವ ಮುಂಚೆಯೇ ಹೋದ ತಾಯಿ. ಇವೆರಡರ ನಡುವೆ ಆ ಹೆಗಲ ಮೇಲೆ ಮತ್ತಾರು ಇರಲು ಸಾಧ್ಯ? ಲೆಕ್ಕದ ಮಾಸ್ತರನಾದ ನಾನು ಎರಡು ಸಲ ತಾಳೆ ನೋಡಿದೆ, ತಪ್ಪು ಸಿಗಲಿಲ್ಲ.

"ಗಲ್ಲಕ್ಕ ಎಷ್ಟ ದೊಡ್ಡ ದೃಷ್ಟಿ ಬೊಟ್ಟ ಇಟ್ಟಾಳ ನೋಡಲೇ! ನಾ ಅಷ್ಟ ಚಂದ ಇದ್ನೇನು?" ಎಂದು ಅತ್ತೆ ನಗುತ್ತಿದ್ದಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಆಕಿ ಈ ಕಡೆ ತಿರುಗಿದ್ರ ನಾ ಕಾಣ್ತಿರಲಿಲ್ಲ ತಗಿ." ಬಳಿಕ ಟ್ಯಾಬನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಕೂಸಿನ ಪುಟ್ಟ ಮುಷ್ಟಿಯಲ್ಲಿ ಆ ಸೆರಗಿನ ಅಂಚು ಮುದ್ದೆಯಾಗಿತ್ತು. "ನೋಡಪಾ, ಅವತ್ತ ಹಿಡದದ್ದು ಇನ್ನಾ ಬಿಟ್ಟಿಲ್ಲ ನಾ."

ಇವತ್ತು ಮಾಳಿಗೆಯ ಮೇಲೆ, ಕೌದಿಯ ನಡುವಿನ ಆ ತುಂಡಿನ ಅದೇ ಅಂಚು ನನ್ನ ಕೈಗೆ ಸಿಕ್ಕಿತು. ನಿಜ ಹೇಳಬೇಕೆಂದರೆ ಈ ಕೌದಿ ಒಣಹಾಕುವುದೆಂದರೆ ನನಗೆ ಮೊದಲೆಲ್ಲ ಬೇಸರ. ಮಣಭಾರ, ಮೇಲೆ ಅತ್ತೆಯ ನೂರೆಂಟು ಸೂಚನೆ. ಈಗಲೂ ಕೆಳಗಿನಿಂದ ಕೂಗಿದಳು: "ಲೇ, ಕುಂಟ ತೆನಿ ಬಿಸಲಿಗೆ ಬಣ್ಣ ಬಿಟ್ಟೀತು, ಕೆಳಗ ಮಾಡಿ ಹಾಕು!"

"ಹೂಂ ಬೇ ಅತ್ತಿ!" ಎಂದು ಓಣಿಗೆಲ್ಲ ಕೇಳುವಂತೆ ನಾನೂ ಕೂಗಿದೆ. ಕೌದಿ ತಿರುವಿ ಹಾಕುವ ಮೊದಲು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಅಂಚನ್ನು ಒಮ್ಮೆ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ನೋಡಿದೆ.