ಎರಡೇ ಸೀಟಿನ ಕಾರು

ವಾಹನ ವಿಮೆಯ ಕಚೇರಿಯಲ್ಲಿ ಹನ್ನೆರಡು ವರ್ಷ ಕ್ಲೇಮ್ ವಿಭಾಗದಲ್ಲಿ ಕೂತಿದ್ದವಳು ನಾನು. ಜಜ್ಜಿದ ಬಾನೆಟ್ಟು, ಒಡೆದ ರೇಡಿಯೇಟರು, ಬಾಗಿದ ಆಕ್ಸಲ್ಲು ಎಲ್ಲ ದಿನವೂ ನನ್ನ ಮೇಜಿನ ಮೇಲೆ ಹಾದುಹೋಗುತ್ತಿದ್ದವು, ಕಾಗದದ ರೂಪದಲ್ಲಿ. ‘ಡಿಫರೆನ್ಷಿಯಲ್ ಬದಲಾಯಿಸಲು ಅನುಮತಿಸಿದೆ’ ಎಂದು ಬರೆದು ಸಹಿ ಹಾಕುವಾಗ ನಾನು ಒಮ್ಮೆಯೂ ಎರಡನೇ ಸಲ ಯೋಚಿಸಿದವಳಲ್ಲ. ಅದು ಕಾರಿನ ಮುಂದಿರುತ್ತದೋ ಹಿಂದಿರುತ್ತದೋ ಮಾತ್ರ ನನಗೆ ಗೊತ್ತಿರಲಿಲ್ಲ.

ಆಗ ನಾವು ಕೀಲ್ಪಾಕ್ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಹಳೇ ಬಂಗಲೆ. ಅಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಡಾಕ್ಟರೊಬ್ಬರು ಒಂಟಿಯಾಗಿದ್ದರು. ಬಂಗಲೆಯನ್ನು ಕೆಡವಿ ಫ್ಲಾಟು ಕಟ್ಟುವುದು ಖಚಿತವಾದಾಗ ಗೇಟಿಗೆ ಒಂದು ರಟ್ಟು ನೇತುಹಾಕಿದರು: ‘ಕಾರು ಮಾರಾಟಕ್ಕಿದೆ’. ಸ್ಕೂಟರ್ ನಿಲ್ಲಿಸಿ ಒಳಗೆ ಹೋದೆ. ಅವರು ಟಾರ್ಪಾಲು ಎಳೆದರು. ಕೆಂಪು ಕಾರು, ಇಂಗ್ಲೆಂಡಿನಲ್ಲಿ ತಯಾರಾಗಿ ನಾನು ಹುಟ್ಟುವ ಮೊದಲೇ ಹಡಗಿನಲ್ಲಿ ಬಂದದ್ದು. ಎರಡೇ ಸೀಟು. ತಲೆಯ ಮೇಲೆ ಮಡಿಸುವ ಕ್ಯಾನ್ವಾಸು, ಅದರಲ್ಲಿ ಇಲಿ ಮಾಡಿದ ಕಿಟಕಿಗಳು.

“ಓಡುತ್ತಾ ಸಾರ್?”

“ಕಡೇ ಸಲ ಓಡಿಸಿದಾಗ ಚೆನ್ನಾಗಿಯೇ ಓಡಿತು.”

“ಯಾವಾಗ ಸಾರ್ ಅದು?”

“ನನ್ನ ಹೆಂಡತಿ ಇದ್ದಾಗ.”

ಆಕೆ ತೀರಿಕೊಂಡು ಎಷ್ಟು ವರ್ಷವಾಯಿತು ಎಂದು ಕೇಳುವುದು ಸಭ್ಯತೆಯಲ್ಲ. ನಮ್ಮ ಕಚೇರಿಯ ಫಾರಮ್ಮಿನಲ್ಲಾದರೆ ಅದಕ್ಕೊಂದು ಖಾನೆಯೇ ಇತ್ತು. ಗಂಡಸರು ಮಾಡುವುದನ್ನು ನೋಡಿದ್ದೆನಾದ್ದರಿಂದ ಟೈರಿಗೆ ಕಾಲಿನಿಂದ ಒಮ್ಮೆ ಒದ್ದೆ. ಟೈರು ಏನೂ ಹೇಳಲಿಲ್ಲ. ಬೆಲೆ ಒಂದು ಹೊಸ ಮೋಟಾರ್ ಬೈಕಿಗಿಂತ ಕಡಿಮೆ. ಅಲ್ಲೇ ಒಪ್ಪಿಕೊಂಡೆ.

ಸಂಜೆ ಯಜಮಾನರನ್ನೂ ನಮ್ಮತ್ತೆಯನ್ನೂ ಬಂಗಲೆಗೆ ಕರೆತಂದೆ. ಯಜಮಾನರದು ಬ್ಯಾಂಕಿನ ಕೆಲಸ. ಸಾಲ ಕೇಳಲು ಬಂದವರನ್ನು ನೋಡುವಂತೆಯೇ ಕಾರಿನ ಸುತ್ತ ಒಂದು ಸುತ್ತು ಬಂದರು.

“ಹಿಂದಿನ ಸೀಟು ಎಲ್ಲಿ?”

“ಇಲ್ಲ ರೀ.”

“ಮನೇಲಿ ಮೂರು ಜನ ಇದೀವಿ. ನೀನು, ಅಮ್ಮ, ಮತ್ತೆ ನಾನು?”

ಆ ಹೊತ್ತಿಗೆ ಎಪ್ಪತ್ತು ದಾಟಿದ ನಮ್ಮತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗಡೆ ಸೀಟಿನಲ್ಲಿ ಕಾಲು ನೀಡಿ ಕೂತಾಗಿತ್ತು. “ನೀನು ಬಸ್ಸಿನಲ್ಲಿ ಬಾರೋ, ಅವಸರವೇನಿಲ್ಲ” ಎಂದರು ಮಗನಿಗೆ.

ಕಾರನ್ನು ನಾಲ್ಕು ಜನ ತಳ್ಳಿಕೊಂಡು ನಮ್ಮ ಮನೆಗೆ ತಂದರು. ಅತ್ತೆ ಇಳಿಯಲೇ ಇಲ್ಲ. ಬೀದಿಯವರೆಲ್ಲ ನೋಡುತ್ತಿದ್ದರು. ಅವರು ದೇವರ ಉತ್ಸವಮೂರ್ತಿಯ ಹಾಗೆ ನೇರವಾಗಿ ಮುಂದೆ ನೋಡುತ್ತ ಕೂತಿದ್ದರು.

ಕಾರಿನ ಜೊತೆ ಡಾಕ್ಟರು ಕೈಪಿಡಿಯನ್ನೂ ಕೊಟ್ಟಿದ್ದರು. ಓದಿದರೆ ಬರದ ವಿದ್ಯೆ ಇಲ್ಲವೆಂದು ನಂಬಿ ಬೆಳೆದ ಮನೆತನ ನಮ್ಮದು. ಒಂದು ವಾರ ಓದಿದೆ, ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದೆ, ಹೊಸ ಬ್ಯಾಟರಿ ತಂದು ಭಾನುವಾರ ಬೆಳಿಗ್ಗೆ ನಾನೇ ಜೋಡಿಸಿದೆ. ಡ್ಯಾಶ್‌ಬೋರ್ಡಿನ ಹಿಂದಿನಿಂದ ತೆಳ್ಳಗೆ ಹೊಗೆ ಬಂತು. ಕಾಫಿ ಲೋಟ ಹಿಡಿದು ಬಂದ ಅತ್ತೆ, “ಏನೇ, ಒಗ್ಗರಣೆ ಹಾಕ್ತಿದೀಯಾ?” ಎಂದರು.

ಅಪಘಾತವಾದ ಗಾಡಿಗಳನ್ನು ನೋಡಿಬರುವ ನಮ್ಮ ಕಚೇರಿಯ ಸರ್ವೇಯರು ಗಿಂಡಿ ಬಡಾವಣೆಯ ಒಬ್ಬ ಹಳೇ ಮೆಕ್ಯಾನಿಕ್ ಮುದುಕರ ವಿಳಾಸ ಹೇಳಿದರು. ಅಲ್ಲಿನ ಕಾರ್ಖಾನೆಗಳ ಹಿಂದೆ ತಗಡಿನ ಒಂದು ಶೆಡ್ಡು. ಎಳೆಸಿಕೊಂಡು ಹೋದ ಕಾರನ್ನು ಮುದುಕರು ಕಣ್ಣಿಗಿಂತ ಹೆಚ್ಚಾಗಿ ಅಂಗೈಯಿಂದ ನೋಡಿದರು, ಬಾನೆಟ್ಟಿನಿಂದ ಹಿಂದಿನ ದೀಪದವರೆಗೂ ಸವರಿ. ಆಮೇಲೆ ತಮಿಳಿನಲ್ಲಿ ಕೇಳಿದರು:

“ಬ್ಯಾಟರಿ ಯಾರಮ್ಮಾ ಹಾಕಿದ್ದು?”

“ನಾನೇ.”

“ಪುಸ್ತಕ ನೋಡಿಯಾ?”

“ಹೌದು.”

“ಪೂರ್ತಿ ನೋಡಿಯಾ?”

ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತಂತಿಯನ್ನು ಕಾರಿನ ಮೈಗೆ ಸೇರಿಸುತ್ತಾರಂತೆ. ಈ ಕಾರಿನಲ್ಲಿ ಮಾತ್ರ ಪ್ಲಸ್ಸು. ಅದನ್ನು ಕೈಪಿಡಿಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚು ಮಾಡಿದ್ದರು. ಮುನ್ನುಡಿಯಿರಬೇಕೆಂದು ನಾನು ಆ ಪುಟವನ್ನು ಹಾರಿಸಿದ್ದೆ.

ಮುದುಕರು ರಿಪೇರಿ ಮಾಡಲು ಒಪ್ಪಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಸ್ಕ್ರೂ ತಲೆ ಕಾಣುತ್ತಿರಲಿಲ್ಲ. “ಕಿವಿ ಮಾತ್ರ ನನ್ನದು ಸರಿಯಾಗಿದೆ. ಕೈ ನೀವು ಕೊಡ್ತೀರಾ?” ಎಂದರು. ಹೀಗೆ ಪ್ರತಿ ಶನಿವಾರ ಮಧ್ಯಾಹ್ನ ನಾನು ಗಿಂಡಿಗೆ ಹೋಗತೊಡಗಿದೆ. ಅವರು ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂರುವರು. ನಾನು ಬಿಚ್ಚುವೆ, ಸೀಮೆಎಣ್ಣೆಯಲ್ಲಿ ತೊಳೆಯುವೆ, ಮತ್ತೆ ಕೂಡಿಸುವೆ. ತಿರುಗಿಸುವ ಸದ್ದು ಕೇಳಿಯೇ “ಅಷ್ಟು ಬಿಗಿ ಬೇಡ, ಮುರಿಯತ್ತೆ” ಎನ್ನುವರು. ಅವರು ಹೇಳಿ ಮುಗಿಸುವ ಮೊದಲೇ ಮುರಿದಿರುತ್ತಿತ್ತು. ಕೂಡಿಸಿದ ಮೇಲೆ ಪ್ರತಿ ಸಲವೂ ಒಂದೆರಡು ಬೋಲ್ಟು ನನ್ನ ಕೈಯಲ್ಲಿ ಉಳಿಯುತ್ತಿದ್ದವು. ನಾಚಿಕೆಯಾಗಿ ಅವನ್ನು ಹ್ಯಾಂಡ್‌ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದೆ. ಅವರಿಗೆ ಆ ಸದ್ದೂ ಕೇಳಿಸುತ್ತಿತ್ತು.

ಏಳು ತಿಂಗಳ ಮೇಲೆ ಇಂಜಿನ್ನು ಹೊತ್ತಿಕೊಂಡಿತು. ಹೊತ್ತಿಕೊಂಡಿತು ಎಂದರೆ ಈ ಸಲ ಒಳ್ಳೆಯ ಅರ್ಥದಲ್ಲಿ.

ಮೊದಲ ಪ್ರಯಾಣ ಎಲ್ಲಿಗೆಂದು ಅತ್ತೆಯೇ ತೀರ್ಮಾನ ಮಾಡಿದರು, ಟ್ರಿಪ್ಲಿಕೇನಿನ ಪೆರುಮಾಳ್ ದೇವಸ್ಥಾನಕ್ಕೆ. ಒಂಬತ್ತು ಗಜದ ಸೀರೆ ಉಟ್ಟು, ಗಾಳಿಗೆ ಕೂದಲು ಕೆದರದಂತೆ ತಲೆಗೆ ಟವೆಲು ಬಿಗಿದು ಹತ್ತಿದರು. ಹೋಗುವಾಗ ಎಲ್ಲ ಸುಸೂತ್ರ. ದರ್ಶನ ಮುಗಿಸಿ ಬಂದರೆ ಕಾರಿನ ಸುತ್ತ ಮೂವತ್ತು ಜನ ಸೇರಿದ್ದರು, ಮತ್ತು ಕಾರು ಹೊರಡಲಿಲ್ಲ. ತಳ್ಳೋಣ ಎಂದರು ಒಬ್ಬರು. ಮೆಕ್ಯಾನಿಕ್ಕನ್ನು ಕರೆಯೋಣ ಎಂದರು ಇನ್ನೊಬ್ಬರು. ಮೂರನೆಯವರು ನೇರವಾಗಿ ಅತ್ತೆಯನ್ನೇ ಕೇಳಿದರು, “ಮನೇಲಿ ಗಂಡಸರು ಯಾರೂ ಇಲ್ಲವಾ ಅಮ್ಮಾ?”

“ಇದಾನೆ. ಬಸ್ಸಿನಲ್ಲಿ ಬರ್ತಿದಾನೆ” ಎಂದರು ಅತ್ತೆ.

ಬಿಸಿಲಿಗೆ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಗಂಟಲು ಕಟ್ಟುತ್ತದೆ ಎಂದು ಮುದುಕರು ಹೇಳಿಕೊಟ್ಟಿದ್ದರು. ಅತ್ತೆಯ ತಲೆಯ ಟವೆಲು ಕೇಳಿ ತೆಗೆದುಕೊಂಡೆ, ನೀರಲ್ಲಿ ನೆನೆಸಿ ಪಂಪಿಗೆ ಸುತ್ತಿದೆ, ಹತ್ತು ನಿಮಿಷ ಕಾದೆ. ನನಗೆ ನಂಬಿಕೆಯೇನೂ ಇರಲಿಲ್ಲ, ಆದರೆ ಇಂಥ ಹೊತ್ತಿನಲ್ಲಿ ಕಾಯುವವರ ಮುಖ ಹೇಗಿರಬೇಕೆಂದು ಶೆಡ್ಡಿನಲ್ಲಿ ಕಲಿತಿದ್ದೆ. ಇಂಜಿನ್ನು ಶುರುವಾಯಿತು. ಮೂವತ್ತು ಜನರೂ ಚಪ್ಪಾಳೆ ತಟ್ಟಿದರು. ಮನೆ ಸೇರುವವರೆಗೂ ಅತ್ತೆ ದರ್ಶನದ ಬಗ್ಗೆ ಒಂದು ಮಾತೂ ಆಡಲಿಲ್ಲ, ಚಪ್ಪಾಳೆಯ ಮಾತೇ.

ಕೆಲವು ವರ್ಷಗಳ ನಂತರ ವೇಲಚೇರಿಯಲ್ಲಿ ಸ್ವಂತ ಫ್ಲಾಟು ಕೊಂಡೆವು. ಅಲ್ಲಿ ಮೊದಲು ಕೆರೆಯಿತ್ತು ಎಂದು ಯಾರೋ ಹೇಳಿದ್ದರು. ಆ ವರ್ಷದ ದೊಡ್ಡ ಮಳೆಯಲ್ಲಿ ಕೆರೆ ತಾನಾಗಿಯೇ ಬಂದು ಹೇಳಿತು. ಮೂರನೇ ಮಹಡಿಯ ಬಾಲ್ಕನಿಯಿಂದ ನೋಡುತ್ತಿದ್ದ ಹಾಗೆ ಕೆಂಪು ಬಾನೆಟ್ಟು ಕಂದು ನೀರಿನೊಳಗೆ ಮರೆಯಾಯಿತು. ಅಕ್ಕಪಕ್ಕದವರೆಲ್ಲ ನನ್ನನ್ನು ಸಮಾಧಾನ ಮಾಡಿದರು: “ನಿಮಗೇನು ಮೇಡಂ, ಇನ್ಶೂರೆನ್ಸಿನವರೇ!” ನಾನು ಕಾರಿಗೆ ಮಾಡಿಸಿದ್ದು ಕಾನೂನಿಗೆ ಬೇಕಾದ ಕನಿಷ್ಠ ವಿಮೆ ಮಾತ್ರ. ನನ್ನ ಕಾರು ಬೇರೆಯವರಿಗೆ ಗುದ್ದಿದರೆ ಅವರಿಗೆ ಪರಿಹಾರ ಸಿಗುತ್ತಿತ್ತು. ನೀರಿಗೆ ಗುದ್ದಿದರೆ ಇಲ್ಲ.

ಆ ರಾತ್ರಿ ಅತ್ತೆ ಊಟ ಬಿಟ್ಟರು. ನಾನು ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ಕಣ್ಣೀರು ಹಾಕಿದೆ.

ನೀರು ಇಳಿದ ಮೇಲೆ ಗಿಂಡಿಗೆ ಹೋದರೆ ಶೆಡ್ಡಿಗೆ ಬೀಗ. ಮುದುಕರು ಈರೋಡಿನಲ್ಲಿ ಮಗಳ ಮನೆ ಸೇರಿದ್ದರು. ಪಕ್ಕದ ಅಂಗಡಿಯಲ್ಲಿ ನಂಬರು ಸಿಕ್ಕಿತು. ಫೋನಿನಲ್ಲಿ ಅವರು ಅಯ್ಯೋ ಪಾಪ ಎನ್ನಲಿಲ್ಲ. “ಪ್ಲಗ್ಗು ನಾಲ್ಕೂ ತೆಗೀರಿ. ಆಯಿಲ್ ಇಳಿಸಿ. ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಿ. ಆತುರ ಬೇಡ” ಎಂದರು. ಇಳಿದ ಆಯಿಲ್ಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿತ್ತು. ಮೂರು ಸಲ ಬದಲಾಯಿಸಿದೆ. ತಂತಿಗಳನ್ನು ಕೂದಲು ಒಣಗಿಸುವ ಯಂತ್ರದಿಂದ ಒಣಗಿಸಿದೆ. ಯಜಮಾನರು ಟಾರ್ಚು ಹಿಡಿದು ನಿಂತರು, ನಾಲ್ಕು ಭಾನುವಾರ.

ಐದನೆಯ ಭಾನುವಾರ ಸ್ಟಾರ್ಟರ್ ಎಳೆದೆ. ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಕುಂಟುತ್ತ ಓಡಿತು. ಮೊಬೈಲನ್ನು ಬಾನೆಟ್ಟಿನ ಹತ್ತಿರ ಹಿಡಿದೆ. ಈರೋಡಿನಲ್ಲಿ ಮುದುಕರು ಒಂದು ನಿಮಿಷ ಕೇಳಿಸಿಕೊಂಡರು.

“ಮೂರನೇದು ಮಾತಾಡ್ತಿಲ್ಲ ನೋಡಿ.”

ಮೂರನೇ ಪ್ಲಗ್ಗಿನ ತಂತಿ ಸಡಿಲವಾಗಿತ್ತು. ಒತ್ತಿದೆ. ಇಂಜಿನ್ನು ಸಮವಾಗಿ ಓಡತೊಡಗಿತು. ನಾನು ಫೋನಿನಲ್ಲಿ ಏನೋ ಹೇಳಲು ಹೋದೆ. “ಗೊತ್ತಾಯ್ತು, ಫೋನ್ ಇಡಿ, ದುಡ್ಡು ಓಡ್ತಿದೆ” ಎಂದರು ಅವರು.

ಮರುದಿನವೇ ಲಿಫ್ಟಿನ ಪಕ್ಕ ಅಸೋಸಿಯೇಷನ್ನಿನ ನೋಟೀಸು ಬಿತ್ತು: ಪಾರ್ಕಿಂಗಿನಲ್ಲಿ ವಾಹನ ರಿಪೇರಿ ಮಾಡುವಂತಿಲ್ಲ, ಹೊಗೆಯಿಂದ ನಿವಾಸಿಗಳಿಗೆ ತೊಂದರೆಯಾಗಿದೆ. ಅದನ್ನು ಪೂರ್ತಿಯಾಗಿ, ಮೊದಲ ಸಾಲಿನಿಂದಲೇ ಓದಿದೆ. ನಂತರ ಕಾರು ತೆಗೆದುಕೊಂಡು ಕಚೇರಿಗೆ ಹೊರಟೆ. ಸೈದಾಪೇಟೆ ಸೇತುವೆಯ ಮೇಲೆ ನಿಂತುಹೋಯಿತು. ಇಳಿದು, ಬಾನೆಟ್ಟು ಎತ್ತಿ, ಸರಿಮಾಡಿ ಹೊರಟೆ. ನಲವತ್ತು ನಿಮಿಷ ತಡವಾಗಿತ್ತು, ಮೊಣಕೈವರೆಗೂ ಮಸಿ. ಹಾಜರಿ ಪುಸ್ತಕದಲ್ಲಿ ಕಾರಣ ಬರೆಯುವ ಜಾಗದಲ್ಲಿ ‘ಟ್ರಾಫಿಕ್’ ಎಂದು ಬರೆದು, ಕೈ ತೊಳೆಯಲು ಹೋದೆ.