ಹಳದಿಯಾಗದ ದೀಪ

ಚಾರ್ಜ್ ಮಾಡುವ ಐದು ಸೆಲ್ಲಿಗೆ, ಚಾರ್ಜರ್ ಸೇರಿ, ಮುನ್ನೂರ ಎಂಬತ್ತು ರೂಪಾಯಿ. ತೊಂಬತ್ತರ ದಶಕದಲ್ಲಿ ಅದು ಸಣ್ಣ ದುಡ್ಡಲ್ಲ. ಆದರೂ ಕೊಟ್ಟೆವು, ಯಾಕೆಂದರೆ ನಮ್ಮ ತಲೆಬ್ಯಾಟ್ರಿ, ಅಂದರೆ ಹಣೆಗೆ ಕಟ್ಟುವ ದೀಪ, ಮಾಮೂಲಿ ಸೆಲ್ಲುಗಳನ್ನು ಕಡಲೆಕಾಯಿಯಂತೆ ತಿನ್ನುತ್ತಿತ್ತು. ಮೊನ್ನೆ ಅಟ್ಟ ಗುಡಿಸುವಾಗ ಆ ದೀಪ ಕೈಗೆ ಸಿಕ್ಕಿತು. ಪಟ್ಟಿಯ ರಬ್ಬರು ಪುಡಿಯಾಗಿದೆ, ಸೆಲ್ಲಿನ ತುದಿಗಳಲ್ಲಿ ಬಿಳಿ ಹುಡಿ ಕಟ್ಟಿದೆ. ಇಂಥದ್ದನ್ನು ನೀವು ಗುಜರಿಗೆ ಹಾಕುವುದಾದರೆ ತಾಮ್ರದ ತಂತಿಯನ್ನು ಬೇರೆ ಮಾಡಿ ಹಾಕಿ, ರೇಟು ಜಾಸ್ತಿ ಸಿಗುತ್ತದೆ. ಇದನ್ನು ಮಾತ್ರ ನಾನು ಹಾಕಲಿಲ್ಲ.

ದೀಪ ಭಾವನದು. ಭಾವ ಅಂದರೆ ನಮ್ಮಕ್ಕನ ಗಂಡ ಮಾದಪ್ಪ. ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಯಾರ ಬಾವಿಯಲ್ಲಿ ಪಂಪ್‌ಸೆಟ್ ಕೆಟ್ಟರೂ ನಾವಿಬ್ಬರು ಹೋಗುತ್ತಿದ್ದೆವು. ಅವರು ಇಳಿದು ರಿಪೇರಿ ಮಾಡುವವರು. ನಾನು ಮೇಲೆ ನಿಂತು ಸಾಮಾನು ಇಳಿಸುವವನು, ಕೂಲಿ ಮಾತಾಡುವವನು. ಯಾವುದು ಕಷ್ಟದ ಕೆಲಸ ಅಂತ ನಮ್ಮಲ್ಲಿ ದಿನಾ ವಾದ. ಆಗೆಲ್ಲ ನೀರು ಇಳಿದಂತೆ ಮೋಟಾರನ್ನೂ ಇಳಿಸಿ, ಬಾವಿಯೊಳಗಿನ ಗೋಡೆಯ ಬಂಡೆ ಕೊರೆದು ಗವಿ ಮಾಡಿ ಕೂರಿಸುತ್ತಿದ್ದರು. ಮಟಮಟ ಮಧ್ಯಾಹ್ನವೂ ಆ ಗವಿಯೊಳಗೆ ಸ್ವಂತ ಕೈ ಕಾಣುತ್ತಿರಲಿಲ್ಲ. ಅದಕ್ಕೇ ಮುಚ್ಚಿದ ಕರಿಕಲ್ಲು ಕ್ವಾರಿಯೊಂದರ ಗುಜರಿಯಿಂದ ಹಣೆಗೆ ಕಟ್ಟುವ ಈ ದೀಪ ತಂದಿದ್ದು.

ಮಾಮೂಲಿ ಸೆಲ್ಲಿನಲ್ಲಿ ದೀಪ ಆರುವ ಮುಂಚೆ ಹಳದಿಗೆ ತಿರುಗುತ್ತಿತ್ತು. ಅದೇ ನಮ್ಮ ಗಡಿಯಾರ. "ಅಳದಿ ಬಂತು ಕಣ್ಲಾ!" ಎಂದು ಭಾವ ಕೆಳಗಿನಿಂದ ಕೂಗಿದರೆ ಮುಗಿಯಿತು, ನಟ್ಟು ಅರ್ಧ ಬಿಗಿದಿದ್ದರೂ ಬಿಟ್ಟು ಹತ್ತುತ್ತಿದ್ದರು. "ಮಾದಪ್ಪಂಗೆ ಅಳದಿ ಬರೋದು ಅಂದ್ರೆ ಎಂಡ್ತಿ ಕರ್ದಂಗೆ ಕಣಪ್ಪ, ಓಡ್‌ಬಂದ್‌ಬುಡ್ತನೆ" ಎಂದು ಹೊಲದವರು ನಗುತ್ತಿದ್ದರು.

ಚಾರ್ಜ್ ಮಾಡುವ ಸೆಲ್ಲು ಸಿಕ್ಕಿದ್ದು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಬಳಿ, ಮಲಯಾಳಿ ಕಾಕನ ರೇಡಿಯೋ ಅಂಗಡಿಯಲ್ಲಿ. ನಾನು ನನ್ನ ಹಳೇ ಪಟ್ಟು ಹಾಕಿದೆ. "ಬ್ಯಾಡ ಬುಡು ಕಾಕ" ಎಂದು ಎದ್ದು ಹೊರಟೆ. ಕರೆಯುತ್ತಾನೆಂದು ನಿಧಾನಕ್ಕೆ ನಡೆದೆ, ಕೇರಳದ ಬಸ್ಸಿನ ಬೋರ್ಡು ಓದಲು ನೋಡಿದೆ, ಎಲೆ ಅಡಿಕೆ ಕೊಂಡೆ. ಕರೆಯಲಿಲ್ಲ. ನಾಚಿಕೆ ಬಿಟ್ಟು ವಾಪಸು ಹೋದರೆ ಭಾವ ಕಾಕನ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದಾರೆ.

"ಬಂದಾ? ದುಡ್ಡು ಆಗ್ಲೇ ಕೊಟ್‌ಬುಟ್ಟೆ ಕಣ್ಲಾ. ನಿನ್ ಚೌಕಾಸಿ ಮುಗಿಯೋಷ್ಟೊತ್ಗೆ ಬಾವಿನೇ ಬತ್ತೋಯ್ತದೆ."

ದೀಪದ ಡಬ್ಬಿ ನಾಲ್ಕು ಸೆಲ್ಲಿನದು. ಚಾರ್ಜ್ ಸೆಲ್ಲಿಗೆ ಶಕ್ತಿ ಸ್ವಲ್ಪ ಕಡಿಮೆ. ನಾಲ್ಕು ಹಾಕಿದರೆ ಮಂಕು, ಐದು ಬೇಕು ಎಂದಿದ್ದ ಕಾಕ. ಪಂಪ್‌ಸೆಟ್ಟಿನ ಪೈಪಿನಲ್ಲೇ ಒಂದು ತುಂಡು ಕಾಸಿ ಕೊಯ್ದು, ಹಳೇ ಟಾರ್ಚಿನ ಸ್ಪ್ರಿಂಗ್ ಕೂರಿಸಿ, ಸೊಂಟಕ್ಕೆ ಕಟ್ಟುವ ಹಾಗೆ ಐದು ಸೆಲ್ಲಿನ ಡಬ್ಬಿ ಮಾಡಿದೆವು. "ಪೈಪ್ ಸುಟ್ಟ ನಾತ, ಆಚೆ ಓಗಿ ಮಾಡ್ಕಳಿ" ಎಂದು ಅಕ್ಕ ಬೈದಳು. ಹೊತ್ತಿಸಿದಾಗ ಅವಳೇ ಕಣ್ಣಿಗೆ ಸೆರಗು ಹಿಡಿದು, "ಅಯ್ಯೋ, ಲಾರಿ ಬಂದಂಗಾಯ್ತಲ್ಲಾ!" ಎಂದಳು. ಹಾಲಿನಂಥ ಬೆಳಕು. ದಿನಾ ರಾತ್ರಿ ಚಾರ್ಜಿಗೆ ಹಾಕುತ್ತಿದ್ದುದರಿಂದ ಒಮ್ಮೆಯೂ ಆರುವ ಹಂತಕ್ಕೆ ಹೋಗಲಿಲ್ಲ, ಎಷ್ಟೋ ತಿಂಗಳು ಏನೂ ತೊಂದರೆ ಕೊಡಲಿಲ್ಲ.

ಗೋಪಾಲಸ್ವಾಮಿ ಬೆಟ್ಟದ ಕಡೆಯ ಹೊಲವೊಂದಕ್ಕೆ ಹೋಗುವ ಹಿಂದಿನ ರಾತ್ರಿ ಕರೆಂಟು ಬಂದು ಬಂದು ಹೋಗಿತ್ತು. ಸೆಲ್ಲು ಎಷ್ಟು ತುಂಬಿತ್ತೋ ಯಾರಿಗೆ ಗೊತ್ತು. "ಅಳದಿ ಬಂದ್ರೆ ಅತ್ತಿ ಬತ್ತೀನಿ ಬುಡು" ಎಂದು ಭಾವ ಇಳಿದರು. ಕೆಲಸ ಮುಗಿದಾಗ ಮೇಲೆಯೇ ಮಬ್ಬುಗತ್ತಲೆ. ಬಾವಿಯ ಗೋಡೆಯಿಂದ ಚಾಚಿದ ಕಲ್ಲುಗಳೇ ಮೆಟ್ಟಿಲು. ಬೆಳಕು ಒಂದೊಂದೇ ಕಲ್ಲು ಏರಿ ಬರುವುದನ್ನು ನೋಡುತ್ತ ನಿಂತಿದ್ದೆ. ನಡುವೆ ಅದು ಇಲ್ಲವಾಯಿತು. ಹಳದಿ ಇಲ್ಲ, ಮಂಕಿಲ್ಲ, ಏನಿಲ್ಲ.

"ಲೇ, ಓಯ್ತಲ್ಲೋ ಇದು!"

"ಅಲ್ಲೇ ನಿಂತ್ಕಳಿ ಭಾವ, ಲಾಟೀನು ತತ್ತೀನಿ" ಎಂದು ಹೊಲದವರ ಮನೆ ಕಡೆ ಓಡಿದೆ.

"ಏಟು ಸಲ ಅತ್ತಿಲ್ಲ, ಬುಡು" ಎಂಬ ಮಾತು ಬೆನ್ನ ಹಿಂದೆ ಕೇಳಿಸಿತು. ಹಾಲಿನಂಥ ಬೆಳಕಿಗೆ ಒಗ್ಗಿದ ಕಣ್ಣಿಗೆ ಆ ಕತ್ತಲೆ ಎಂಥದ್ದಿತ್ತೋ. ಲಾಟೀನು ತರುವಷ್ಟರಲ್ಲಿ ಬಾವಿ ಸುಮ್ಮನಿತ್ತು. ತಳಕ್ಕೆ ಬಿದ್ದಿದ್ದವರನ್ನು ಊರವರು ಹಗ್ಗ ಕಟ್ಟಿ ಮೇಲೆತ್ತಿದಾಗ ಉಸಿರಿತ್ತು. ಮೈಸೂರಿನ ಆಸ್ಪತ್ರೆಗೆ ಅಂತ ವ್ಯಾನಿನಲ್ಲಿ ಹೊರಟೆವು. ನಂಜನಗೂಡು ದಾಟಲಿಲ್ಲ.

ತಿಥಿ ಕಳೆದ ಮೇಲೆ, ಆದದ್ದೇನೆಂದು ತಿಳಿಯಲೇಬೇಕೆನಿಸಿ, ದೀಪವನ್ನು ಚಾರ್ಜ್ ಮಾಡಿ ನಡುಮನೆಯಲ್ಲಿ ಹೊತ್ತಿಸಿಟ್ಟು ಎದುರಿಗೆ ಕೂತೆ. ಅಕ್ಕನೂ ಬಂದು ಗೋಡೆಗೊರಗಿದಳು. ಉರಿಯಿತು, ಉರಿಯಿತು, ಒಂದೇ ಸಮ ಬೆಳ್ಳಗೆ ಉರಿಯಿತು. ಆಮೇಲೆ ರೆಪ್ಪೆ ಬಡಿಯುವಷ್ಟರಲ್ಲಿ ಆರಿತು. ಆ ಸೆಲ್ಲಿನ ಗುಣವೇ ಅದು. ನಮಗೆ ಯಾರೂ ಹೇಳಿರಲಿಲ್ಲ, ಮಾರಿದವನಿಗೂ ಗೊತ್ತಿದ್ದಂತಿಲ್ಲ.

"ಒಂದ್ ಸುಳಿವೂ ಕೊಡ್ನಿಲ್ವಲ್ಲಪ್ಪ" ಎಂದಳು ಅಕ್ಕ. ದೀಪಕ್ಕೆ ಹೇಳಿದಳೋ ಗಂಡನಿಗೆ ಹೇಳಿದಳೋ, ನಾನು ಕೇಳಲಿಲ್ಲ.

ಮೊನ್ನೆ ಅಟ್ಟ ಗುಡಿಸಿ ಇಳಿದ ದಿನವೇ ಪೇಟೆಗೆ ಹೋಗಿ ಹಣೆಗೆ ಕಟ್ಟುವ ಹೊಸ ದೀಪವೊಂದನ್ನು ಕೈಯಲ್ಲಿ ಹಿಡಿದು ನೋಡಿದೆ. "ಕೊನೇ ತನಕ ಒಂದೇ ಬೆಳಕು ಸಾರ್" ಎಂದ ಅಂಗಡಿಯವನು. ಕೇಳಿದಷ್ಟು ಕೊಟ್ಟು ಬಂದೆ. ಚೌಕಾಸಿಗೆ ಬಾಯಿ ಏಳಲಿಲ್ಲ.

ನೀವು ಕೊಳ್ಳುವುದಾದರೆ ಇಷ್ಟು ಮಾಡಿ. ಮೊದಲು ಮನೆಯಲ್ಲಿ ಪೂರ್ತಿ ಉರಿಸಿ ಎಷ್ಟು ಹೊತ್ತು ಬರುತ್ತದೆ ನೋಡಿ, ಅದರ ಅರ್ಧಕ್ಕೇ ಮೇಲೆ ಬನ್ನಿ. ಜೇಬಿನಲ್ಲಿ ಇನ್ನೊಂದು ಸಣ್ಣ ಟಾರ್ಚ್ ಇರಲಿ. ಆರಿದರೆ ಇದ್ದ ಕಲ್ಲಿನ ಮೇಲೇ ಕೂತುಬಿಡಿ, ಮರ್ಯಾದೆ ನೋಡಬೇಡಿ. ಮೇಲೆ ನಿಂತವರಿಗೂ ಒಂದು ಮಾತು. ಲಾಟೀನಿಗೆ ಓಡುವ ಮುಂಚೆ ಕೆಳಗಿರುವವರನ್ನು ಕೂರಿಸಿ. "ಕೂತೆ" ಅಂತ ಅವರ ಬಾಯಿಂದ ಕೇಳಿಸಿಕೊಂಡೇ ಓಡಿ.